ಸರ್ವರ್ ಒಂದೇ ಆದರೂ ಖಾತೆಗಳು ಬೇರೆ ಬೇರೆ ಇರಲಿ

ಒಂದೇ ಉಬುಂಟು ಸರ್ವರಿನಲ್ಲಿ ಜಾಲತಾಣ, ಡೇಟಾಬೇಸ್ ಮತ್ತು ರಾತ್ರಿಯ ಬ್ಯಾಕಪ್ ಮೂರೂ ನಡೆಯುವಾಗ ತಮ್ಮ ಸುಡೋ (ಆಡಳಿತಾಧಿಕಾರವಿರುವ) ಖಾತೆಯೊಂದೇ ಸಾಲದೇ ಎಂದು ಕೇಳಿದ್ದೀರಿ. ಸಾಲದು, ಆದರೆ ಅರ್ಧ ಕೆಲಸವನ್ನು ಪ್ಯಾಕೇಜುಗಳೇ ಮಾಡಿಟ್ಟಿವೆ. ವೆಬ್ ಸರ್ವರ್ ತಂತ್ರಾಂಶವಾದ ಎನ್‌ಜಿನ್‌ಎಕ್ಸ್‌ನ ಮುಖ್ಯ ಪ್ರಕ್ರಿಯೆಯು 80 ಮತ್ತು 443ನೇ ಪೋರ್ಟುಗಳನ್ನು ತೆರೆಯಲು ರೂಟ್ (ಎಲ್ಲ ಅಧಿಕಾರವುಳ್ಳ ಖಾತೆ) ಆಗಿ ಆರಂಭವಾದರೂ, ಹೊರಗಿನ ಕೋರಿಕೆಗಳಿಗೆ ಉತ್ತರಿಸುವ ವರ್ಕರ್‌ಗಳು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಖಾತೆಯಲ್ಲಿ ನಡೆಯುತ್ತವೆ. ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಅಂತೂ ರೂಟ್ ಆಗಿ ಶುರುವಾಗಲು ಒಪ್ಪುವುದೇ ಇಲ್ಲ.

ಹೆಚ್ಚಿನವರು ಎಡವುವುದು ಕಡತಗಳ ಒಡೆತನದಲ್ಲಿ. ಅನುಮತಿಯ ದೋಷ ಕಂಡೊಡನೆ ಇಡೀ ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲ ಹಕ್ಕು) ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ಒಂದು ಕಾಲದಲ್ಲಿ ನನಗೂ ಇತ್ತು. ಹಾಗೆ ಮಾಡಿದರೆ, ಯಾವುದೋ ಹಳೆಯ ಪ್ಲಗಿನ್‌ನ ಲೋಪದಿಂದ ಒಳಹೊಕ್ಕವನು ಜಾಲತಾಣದ ಕೋಡನ್ನೇ ತಿದ್ದಬಲ್ಲ. ಅದರ ಬದಲು ‘ಡಿಪ್ಲಾಯ್’ ಎಂಬ ಹೊಸ ಖಾತೆಯನ್ನು ಮಾಲೀಕನನ್ನಾಗಿಯೂ ವೆಬ್ ಸರ್ವರಿನ ಗುಂಪನ್ನು ಕೇವಲ ಓದುಗನನ್ನಾಗಿಯೂ ಇರಿಸಿ, ಕಡತಗಳಿಗೆ 640, ಫೋಲ್ಡರುಗಳಿಗೆ 750 ಕೊಡಿ; ಆಗ ಮಾಲೀಕನು ಬರೆಯಬಲ್ಲ, ಗುಂಪು ಓದಬಲ್ಲದು, ಉಳಿದವರಿಗೆ ಯಾವ ಹಕ್ಕೂ ಇಲ್ಲ. ವೆಬ್ ಸರ್ವರಿಗೆ ಬರೆಯುವ ಹಕ್ಕು ಅಪ್‌ಲೋಡ್ ಫೋಲ್ಡರಿನಲ್ಲಿ ಮಾತ್ರ ಇರಲಿ.

ಲಿನಕ್ಸ್ ಖಾತೆ ಬೇರೆ, ಡೇಟಾಬೇಸಿನೊಳಗಿನ ರೋಲ್ (ಅದರದೇ ಬಳಕೆದಾರ ಖಾತೆ) ಬೇರೆ ಎಂಬುದನ್ನು ಮರೆಯಬೇಡಿ. ಜಾಲತಾಣವು ‘ಪೋಸ್ಟ್‌ಗ್ರೆಸ್’ ಸೂಪರ್‌ಯೂಸರ್ ಹೆಸರಿನಲ್ಲಿ ಸಂಪರ್ಕಿಸುತ್ತಿದ್ದರೆ ಮೇಲಿನ ಶ್ರಮವೆಲ್ಲ ಬಹುಪಾಲು ವ್ಯರ್ಥ. ಜಾಲತಾಣಕ್ಕೆ ತನ್ನ ಕೋಷ್ಟಕಗಳ ಮೇಲಷ್ಟೇ ಹಕ್ಕಿರುವ ರೋಲ್ ಸೃಷ್ಟಿಸಿ. ಬ್ಯಾಕಪ್‌ಗೆ ಲಾಗಿನ್ ಶೆಲ್ ಇಲ್ಲದ (ಅಂದರೆ ಯಾರೂ ಲಾಗಿನ್ ಆಗಲಾಗದ) ಸಿಸ್ಟಂ ಖಾತೆ ಸಾಕು, ಪೋಸ್ಟ್‌ಗ್ರೆಸ್ 14 ಅಥವಾ ಅನಂತರದ ಆವೃತ್ತಿಯಾಗಿದ್ದರೆ ‘ಪಿಜಿ_ರೀಡ್_ಆಲ್_ಡೇಟಾ’ ಎಂಬ, ಎಲ್ಲ ಡೇಟಾವನ್ನು ಓದಬಲ್ಲ ರೋಲನ್ನು ಬ್ಯಾಕಪ್ ಬಳಸುವ ಡೇಟಾಬೇಸ್ ರೋಲಿಗೆ ಕೊಡಬಹುದು. ಡಿಪ್ಲಾಯ್ ಖಾತೆಗೆ ಸರ್ವಿಸ್ ಮರುಆರಂಭಿಸುವ ಅಗತ್ಯವಿದ್ದಲ್ಲಿ, ಅದನ್ನು ಸುಡೋ ಗುಂಪಿಗೆ ಸೇರಿಸದೆ, ಸುಡೋ ನಿಯಮಗಳನ್ನು ತಿದ್ದುವ ‘ವಿಸುಡೋ’ ಮೂಲಕ ಆ ಒಂದು ಕಮಾಂಡಿಗಷ್ಟೇ ಅನುಮತಿ ಬರೆಯಿರಿ.