ಕೊಂಬೆ ತಂತಿಗೆ ತಾಗುವ ಮೊದಲೇ ತಿಳಿಯಬಹುದಾ?

ಪ್ರಶ್ನೆ: ಕರೆಂಟ್ ತಂತಿ ಪಕ್ಕದ ಮರ ಎಷ್ಟು ಬೆಳೆದಿದೆ ಅಂತ ಜನ ಹೋಗಿ ನೋಡದೆ ತಿಳಿಯಬಹುದಾ?

ಖಂಡಿತ ತಿಳಿಯಬಹುದು. ಇದಕ್ಕೆ ಲೈಡಾರ್ ಬಳಸುತ್ತಾರೆ. ಡ್ರೋನ್‌ನಿಂದ ಬಿಟ್ಟ ಲೇಸರ್ ಬೆಳಕು ಎಲೆಗೋ ತಂತಿಗೋ ಬಡಿದು ವಾಪಸ್ ಬರುತ್ತದೆ. ಬರಲು ಹಿಡಿದ ಸಮಯದಿಂದ ದೂರ ಗೊತ್ತಾಗುತ್ತದೆ. ಇಂಥ ಲಕ್ಷಾಂತರ ಚುಕ್ಕೆಗಳನ್ನು ಜೋಡಿಸಿ, ಯಾವ ಕೊಂಬೆ ತಂತಿಗೆ ಎಷ್ಟು ಹತ್ತಿರ ಇದೆ ಅಂತ ಸಾಫ್ಟ್‌ವೇರ್ ತೋರಿಸುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ. ಆದರೆ ಆ ಚಿತ್ರದ ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ 10 ಮೀಟರ್ ಅಗಲದ ಜಾಗ, ಕೊಂಬೆ ಕಾಣುವುದಿಲ್ಲ.

ಮರವಷ್ಟೇ ಮೇಲೇರುವುದಿಲ್ಲ, ತಂತಿಯೂ ಕೆಳಗಿಳಿಯುತ್ತದೆ. ಬಿಸಿಲು, ಲೋಡ್ ಜಾಸ್ತಿಯಾದರೆ ಕಾದು ಜೋಲುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೋದಲ್ಲಿ ಜೋತ ತಂತಿಗಳು ಮರಕ್ಕೆ ತಾಗಿದವು. ಅಲ್ಲಿಂದ ಶುರುವಾದ ತೊಂದರೆ ಸುಮಾರು 5 ಕೋಟಿ ಜನರನ್ನು ಕತ್ತಲಲ್ಲಿ ಇಟ್ಟಿತು. ಹಾಗಾಗಿ ಜೋಲುವ ಲೆಕ್ಕವೂ ಸೇರಬೇಕು.

ನಮ್ಮ ಬೆಳಗಾವಿಯ ಮಳೆಗೆ ವರ್ಷಕ್ಕೊಂದು ಸಲ ಅಳೆದರೆ ಸಾಲದು. ನಮ್ಮ ಮನೆ ಮುಂದಿನ ಗುಲ್‌ಮೊಹರ್ ಕೊಂಬೆಗಳನ್ನು ಮೇ ತಿಂಗಳಲ್ಲಿ ಕಡಿದಿದ್ದರು. ದಸರಾ ಹೊತ್ತಿಗೆ ಹೊಸ ಚಿಗುರು ಮತ್ತೆ ತಂತಿ ಮುಟ್ಟಿತ್ತು, ಎಲೆಗಳ ತುದಿ ಸುಟ್ಟು ಕಪ್ಪಾಗಿತ್ತು. ಮಳೆಗಾಲದ ಮೊದಲೂ ಆಮೇಲೂ ಅಳೆಯಲೇಬೇಕು. ನಿಮಗೆ ಕಿಡಿ ಕಂಡರೆ ಕೊಂಬೆ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ.