ಅಪ್ಪನ ಕುಡಿತ ಬಿಡಿಸಬೇಕು, ಯಾದಗಿರಿ ಕಡೆ ಎಲ್ಲಿಗೆ ಹೋಗಬೇಕು?

ಶಹಾಪುರದಿಂದ ಕೇಳಿದ್ದೀರಿ. ಅಪ್ಪ 15 ವರ್ಷದಿಂದ ದಿನಾ ಕುಡಿಯುತ್ತಾರೆ, ಅಮಾವಾಸ್ಯೆಯಿಂದ ಮನೆಯಲ್ಲೇ ಕೂಡಿಹಾಕಿ ಬಿಡಿಸೋಣ ಅಂತ ಕಾಕಾ ಹೇಳುತ್ತಿದ್ದಾರೆ, ಇಲ್ಲದಿದ್ದರೆ ಊಟದಲ್ಲಿ ಪುಡಿ ಬೆರೆಸೋಣವೇ ಎಂದು. ಎರಡೂ ಬೇಡ.

ಮನೆಯಲ್ಲೇ ಒಮ್ಮೆಲೇ ಬಿಡಿಸುವುದನ್ನು ನಾವೂ ಮಾಡಿದ್ದೆವು. ನಾನು ಕಲಬುರಗಿಯವನು. ಬೆಳಿಗ್ಗೆ ಹೊಟ್ಟೆಗೆ ಕ್ವಾರ್ಟರ್ ಬೀಳದಿದ್ದರೆ ನಮ್ಮಣ್ಣನಿಗೆ ಚಹಾ ಕುಡಿಯಲು ಆಗುತ್ತಿರಲಿಲ್ಲ. ಕೈ ನಡುಗಿ, ಬಸಿ ಎತ್ತಿದರೆ ಮೇಲಿನ ಕಪ್ ಟಕಟಕ ಅನ್ನುತ್ತಿತ್ತು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಮುಂದೆ ಆಣೆ ಮಾಡಿ ಬಿಟ್ಟ. ಖರೇನೇ ಬಿಟ್ಟ. ಎರಡನೇ ದಿನ ಫಿಟ್ಸ್ ಬಂತು. ಕೈಗೆ ಕೀಲಿಕೈ ಗೊಂಚಲು ಕೊಟ್ಟು, ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿಕೊಂಡು ಬಂದೆವು. ಮೂರನೇ ರಾತ್ರಿ ಎದ್ದು ಕೂತು ಚಾದರದ ಮೇಲಿಂದ ಇರುವೆ ಆರಿಸತೊಡಗಿದ. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ವೈನಿಯನ್ನು ನೋಡಿ ‘ನೀವ್ಯಾರು’ ಅಂದ. ಆಗ ದವಾಖಾನೆಗೆ ಓಡಿದೆವು.

ವರ್ಷಗಟ್ಟಲೆ ಮದ್ಯ ಮೆದುಳನ್ನು ಹಿಡಿದಿಟ್ಟಿರುತ್ತದಂತೆ. ಅದಕ್ಕೆ ಎದುರಾಗಿ ಮೆದುಳೂ ಜೋರಾಗಿ ಓಡುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಒಮ್ಮೆಲೇ ಮದ್ಯ ತೆಗೆದರೆ ಆ ಓಟಕ್ಕೆ ಲಗಾಮು ಇರುವುದಿಲ್ಲ. ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್, 2ರಿಂದ 4 ದಿನದೊಳಗೆ ಇಂಥ ಭ್ರಮೆ. ಜೀವಕ್ಕೇ ಕುತ್ತು ಬರಬಹುದು. ಡಯಾಜೆಪಾಮ್ ಜಾತಿಯ ಮಾತ್ರೆ ಮೊದಲು ಜಾಸ್ತಿ ಕೊಟ್ಟು ದಿನದಿನಕ್ಕೆ ಇಳಿಸಿದರು, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಪುಡಿಯ ವಿಷಯ. ಡೈಸಲ್ಫಿರಾಮ್ ಅಂತ ಒಂದು ಮಾತ್ರೆ ಇದೆ. ಅದು ಮೈಯಲ್ಲಿದ್ದಾಗ ಕುಡಿದರೆ ವಾಂತಿ, ಎದೆ ಡವಡವ, ಬಿಪಿ ಕುಸಿತ. ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ಕದ್ದು ಬೆರೆಸುವ ಪುಡಿಯಲ್ಲಿ ಏನಿದೆಯೋ ಮಾರುವವನಿಗೂ ಗೊತ್ತಿರುವುದಿಲ್ಲ. ಅಪ್ಪನಿಗೆ ಗೊತ್ತಾದರೆ ಆಮೇಲೆ ನಿಮ್ಮ ಮನೆ ಊಟವನ್ನೂ ನಂಬುವುದಿಲ್ಲ ಅಲ್ವಾ?

ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸಲೆಂದೇ ಇರುವ ಸಹಾಯವಾಣಿ 14446. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋರೋಗ ತಜ್ಞರು ಬರುವ ಏರ್ಪಾಡಿದೆ, ಈ ವಾರ ಬರುತ್ತಾರಾ ಅಂತ ವಿಚಾರಿಸಿಕೊಂಡು ಹೋಗಿ. ದಾಖಲು ಮಾಡಬೇಕಾದರೆ ಯಾದಗಿರಿಯ ಯಿಮ್ಸ್ ಅಥವಾ ಕಲಬುರಗಿಯ ಜಿಮ್ಸ್, ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಖಾಸಗಿ ಸೆಂಟರ್ ಆದರೆ ನೋಂದಣಿ ಪತ್ರ ತೋರಿಸಲು ಕೇಳಿ. ರೋಗಿಯನ್ನು ನೋಡಲು ಬಿಡುವುದಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ದೇವರ ಆಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಯಲ್ಲಿ ‘ನಿಮ್ಮ ಚಟವನ್ನೇ ಭಿಕ್ಷೆಯಾಗಿ ಹಾಕಿ’ ಅಂತ ಬೇಡಿದವರು, ಅವರ ಹುಟ್ಟಿದ ದಿನ ಆಗಸ್ಟ್ 1 ನಮ್ಮಲ್ಲಿ ವ್ಯಸನಮುಕ್ತ ದಿನ. ಅಪ್ಪನೂ ಜೋಳಿಗೆಗೆ ಹಾಕಲಿ, ದವಾಖಾನೆಯಿಂದ ಬಂದ ಮೇಲೆ.

ಅಣ್ಣ ಏಳು ತಿಂಗಳಿಗೆ ಒಂದು ಮದುವೆಯಲ್ಲಿ ಮತ್ತೆ ಕುಡಿದ. ವೈನಿ ಬೈಯಲಿಲ್ಲ, ಮರುದಿನ ಹಳೇ ಚೀಟಿ ಹಿಡಿದು ಅದೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು.

ನೀವೂ ಹೋಗುವಾಗ ಬಿಪಿ, ಶುಗರ್ ಮಾತ್ರೆ ಚೀಟಿ ಇದ್ದರೆ ಒಯ್ಯಿರಿ. ದಿನಕ್ಕೆ ಎಷ್ಟು, ಕೊನೇ ಸಲ ಕುಡಿದದ್ದು ಯಾವಾಗ ಅಂತ ಕೇಳುತ್ತಾರೆ. ಮರ್ಯಾದೆಗೆ ಅಂಜಿ ಕಡಿಮೆ ಹೇಳಬೇಡಿ, ಮಾತ್ರೆ ಅಳೆಯುವುದು ಆ ಲೆಕ್ಕದ ಮೇಲೆ.