ಗುಳಿಗೆಯ ಒಳಗೆ ಏನಾಗುತ್ತದೆ, ಅದನ್ನು ಬರೆಯಿರಿ

ಆತ್ಮೀಯರೇ,

‘ನಿಧಾನ ಕರಗುವ ಗುಳಿಗೆಗಳು’ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ವಿಷಯ ಕೈಬಿಡಬೇಡಿ. ಕಲಬುರಗಿಯಲ್ಲಿ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಿರುವ ಮನೆಗಳಿಗೆ ಇದು ಬೇಕು.

ಮೊದಲ ಪ್ಯಾರಾದಲ್ಲೇ ನಾಲ್ಕು ಸಲ ‘ನಿಯಂತ್ರಿತ ಬಿಡುಗಡೆ ಔಷಧ ವಿತರಣಾ ವ್ಯವಸ್ಥೆ’ ಬಂದಿದೆ. ವಿತರಣೆ ಅಂದರೆ ಸೇಡಂ, ಚಿತ್ತಾಪುರದ ಓದುಗರಿಗೆ ಪಡಿತರ ಅಂಗಡಿ ನೆನಪಾಗುತ್ತದೆ. ‘ಔಷಧವನ್ನು ಸ್ವಲ್ಪಸ್ವಲ್ಪವೇ ಬಿಡುವ ಗುಳಿಗೆ’ ಎನ್ನಿ. ಔಷಧದ ಹೆಸರಿನ ಪಕ್ಕದಲ್ಲಿ ನಿಧಾನ ಬಿಡುಗಡೆಯನ್ನು ಸೂಚಿಸುವ ಎಸ್‌ಆರ್, ಇಆರ್, ಎಕ್ಸ್‌ಎಲ್ ಅಕ್ಷರಗಳನ್ನು ಗುರುತಿಸಲು ಹೇಳಿಕೊಡಿ.

ದೊಡ್ಡ ತಪ್ಪು ಎರಡನೇ ಪುಟದಲ್ಲಿದೆ: ‘24 ಗಂಟೆಯೂ ಒಂದೇ ಸಮನೆ ಔಷಧ ಹೊರಬರುತ್ತದೆ.’ ಎಲ್ಲ ಗುಳಿಗೆ ಹಾಗಲ್ಲ. ಮೆಟ್‌ಫಾರ್ಮಿನ್ ಎಸ್‌ಆರ್‌ನಲ್ಲಿ ಸಾಮಾನ್ಯವಾಗಿ ಎಚ್‌ಪಿಎಂಸಿ ಎಂಬ ಪಾಲಿಮರ್ ಇರುತ್ತದೆ. ನೀರು ತಾಗಿದರೆ ಅದು ಉಬ್ಬಿ, ಲೋಳೆಸರದ ತಿರುಳಿನಂತಾಗುತ್ತದೆ. ಔಷಧ ಆ ಲೋಳೆ ದಾಟಿ ಬರಬೇಕು. ಹೊತ್ತು ಕಳೆದಂತೆ ದಾರಿ ಉದ್ದವಾಗಿ ವೇಗ ಇಳಿಯುತ್ತದೆ. 1961ರಲ್ಲಿ ಔಷಧ ವಿಜ್ಞಾನಿ ತಾಕೆರು ಹಿಗುಚಿ ಮುಲಾಮಿಗಾಗಿ ಕೊಟ್ಟ ಸೂತ್ರ ಇಲ್ಲಿಯೂ ಹೆಚ್ಚುಕಡಿಮೆ ಒದಗುತ್ತದೆ: ಮೊದಲ ಗಂಟೆಯಲ್ಲಿ ನೂರಕ್ಕೆ 25 ಬಂದರೆ, 50 ಆಗಲು 4 ಗಂಟೆ ಬೇಕು.

ಬಹುಮಟ್ಟಿಗೆ ಒಂದೇ ಸಮನೆ ಬಿಡುವುದು ಆಸ್ಮೋಟಿಕ್ (ಪರಾಸರಣ) ಪಂಪ್ ಗುಳಿಗೆ. ಅದರ ಪೊರೆಯಿಂದ ನೀರು ಒಳಗೆ ಇಳಿಯುತ್ತದೆ, ಒತ್ತಡ ಏರುತ್ತದೆ, ಲೇಸರ್ ಕೊರೆದ ಸಣ್ಣ ತೂತಿನಿಂದ ಔಷಧ ಹೊರಬೀಳುತ್ತದೆ. ಖಾಲಿ ಚಿಪ್ಪು ಮಲದಲ್ಲಿ ಹಾಗೇ ಬರುತ್ತದೆ. ಗುಳಿಗೆ ಕರಗಲೇ ಇಲ್ಲವೆಂದು ಹೆದರಿ ಇನ್ನೊಂದು ನುಂಗಬಾರದು. ಈ ಮಾತು ನಿಮ್ಮಲ್ಲಿ ಇಲ್ಲವೇ ಇಲ್ಲ!

‘ಮುರಿಯಬಾರದು’ ಎಂದು ಒಂದೇ ಸಾಲು ಬರೆದಿದ್ದೀರಿ. ಏಕೆ ಎಂದು ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಮೆಟ್‌ಫಾರ್ಮಿನ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಡೋಸು 500 ಅಥವಾ 1000 ಮಿ.ಗ್ರಾಂ. ಅದನ್ನು ತಡೆಯಲು ಪಾಲಿಮರ್ ಹೆಚ್ಚು ಬೇಕು, ಹಾಗಾಗಿ ಗುಳಿಗೆ ದಪ್ಪ. ದಪ್ಪವಿದೆ ಎಂದೇ ವಯಸ್ಸಾದವರು ಮುರಿಯುತ್ತಾರೆ, ಕುಟ್ಟುತ್ತಾರೆ. ಹೋಳಾದರೆ ಹೊಸ ಮೈ ತೆರೆದು ಔಷಧ ಬೇಗ ಬರುತ್ತದೆ. ಪುಡಿಯಾದರೆ ತಡೆಯೇ ಉಳಿಯುವುದಿಲ್ಲ. ಮೆಟ್‌ಫಾರ್ಮಿನ್ ಆದರೆ ವಾಕರಿಕೆ, ಭೇದಿ. ಬಿಪಿಯ ಔಷಧ ನಿಫೆಡಿಪಿನ್ ಆದರೆ ರಕ್ತದೊತ್ತಡ ಥಟ್ಟನೆ ಕುಸಿಯಬಹುದು. ಅಪವಾದವನ್ನೂ ಹೇಳಿ: ಬಿಪಿ, ಹೃದಯದ ತೊಂದರೆಗೆ ಕೊಡುವ ಮೆಟೊಪ್ರೊಲಾಲ್ ಸಕ್ಸಿನೇಟ್‌ನ ಕೆಲವು ಗುಳಿಗೆಗಳಲ್ಲಿ ಪ್ರತಿ ಸಣ್ಣ ಕಾಳಿಗೂ ಬೇರೆ ಲೇಪನವಿರುತ್ತದೆ, ನಡುಗೆರೆಯಲ್ಲಿ ಅರ್ಧ ಮಾಡಬಹುದು. ಜಗಿಯುವಂತಿಲ್ಲ. ನುಂಗಲಾಗದವರು ವೈದ್ಯರನ್ನು ಕೇಳಿ ಬೇರೆ ರೂಪದ ಔಷಧ ಬರೆಸಿಕೊಳ್ಳಲಿ.

ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್‌ನ ಉದಾಹರಣೆ ತೆಗೆದುಹಾಕಿ. ಅದರ ಲೇಪನ ಜಠರದ ಆಮ್ಲ ದಾಟುವವರೆಗೆ ಮಾತ್ರ ಕಾಯುತ್ತದೆ. ತಡವಾಗಿ ಬಿಡುವುದು ಬೇರೆ, ನಿಧಾನವಾಗಿ ಬಿಡುವುದು ಬೇರೆ. ಚುಚ್ಚುಮದ್ದಿನಲ್ಲಿ ಬಳಸುವ, ದೇಹದೊಳಗೆ ನಿಧಾನ ಕರಗುವ ಪಿಎಲ್‌ಜಿಎ ಎಂಬ ಪಾಲಿಮರ್‌ನ ಭಾಗ ಚೆನ್ನಾಗಿದೆ, ಅದನ್ನು ಇನ್ನೊಂದು ಲೇಖನವಾಗಿಸಿ. ಇದನ್ನು 600 ಪದಕ್ಕಿಳಿಸಿ, ಒಬ್ಬ ಫಾರ್ಮಸಿಸ್ಟ್‌ಗೆ ಓದಿಸಿ, ಮತ್ತೆ ಕಳಿಸಿ.

— ಸಂಪಾದಕ, ಕಲಬುರಗಿ